ಬೇಲಿಯಿಲ್ಲದ ರೋಬೋಟಿನ ಪಕ್ಕದಲ್ಲಿ ನಿಲ್ಲುವ ಆಪರೇಟರಿಗೆ ಯಾವ ಅಧಿಕಾರ ಇರಬೇಕು?

ಸಿಪ್ಕಾಟ್ ಎರಡನೇ ಹಂತ (ಹೊಸೂರು)

ದ್ವಿಚಕ್ರ ವಾಹನಗಳ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟ್‌ಗಳನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್‌ಗಳಲ್ಲಿ ಮಾಡಿಕೊಡುವ, ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ನಾನು ಉತ್ಪಾದನಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಎರಡು ಲೇತ್‌ಗಳ ನಡುವೆ ಒಂದು ಕೋಬೋಟನ್ನು (ಮನುಷ್ಯರ ಪಕ್ಕದಲ್ಲಿಯೇ ಕೆಲಸ ಮಾಡಲೆಂದು ಮಾಡಿದ ರೋಬೋಟ್ ತೋಳನ್ನು) ನಿಲ್ಲಿಸುವ ಯೋಜನೆ ನಮ್ಮಲ್ಲಿ ನಡೆದಿದೆ. ಕಚ್ಚಾ ತುಂಡನ್ನು ಚಕ್ಕಿಗೆ (ಲೇತ್‌ನಲ್ಲಿ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಕೊಡುವುದು, ಮುಗಿದದ್ದನ್ನು ತೆಗೆದು ಕ್ಯಾಮೆರಾದ ಕೆಳಗೆ ಇಡುವುದು ಅದರ ಕೆಲಸ. ತುಂಡು ಸರಿಯೋ ತಪ್ಪೋ ಎಂಬುದನ್ನು ಕ್ಯಾಮೆರಾ ಹೇಳುತ್ತದೆ. ಟೂಲ್ ಬದಲಿಸುವುದು, ಆಫ್‌ಸೆಟ್ (ಟೂಲಿನ ಅಳತೆಯ ಹೊಂದಾಣಿಕೆ) ತಿದ್ದುವುದು, ಕ್ಯಾಮೆರಾ ತಳ್ಳಿಹಾಕಿದ ತುಂಡುಗಳನ್ನು ಮತ್ತೊಮ್ಮೆ ಕಣ್ಣಿನಿಂದ ನೋಡುವುದು ಆಪರೇಟರಿಗೆ ಉಳಿಯುತ್ತದೆ.

ಯಂತ್ರ ಮಾರುವವರು ಬೇಲಿಯ ಅಗತ್ಯವೇ ಇಲ್ಲವೆನ್ನುತ್ತಾರೆ. ಜಾಗ ಉಳಿಯುತ್ತದೆಯೆಂದು ನಮ್ಮ ಮಾಲೀಕರಿಗೂ ಅದೇ ಹಿತವಾಗಿ ಕೇಳಿಸಿದೆ. ನಮ್ಮಲ್ಲಿ ಹಗಲು ಪಾಳಿಗೆ ಬಾಗಲೂರು, ಬೇರಿಕೆ, ತಳಿ ಕಡೆಯಿಂದ ಕನ್ನಡ, ತೆಲುಗು, ತಮಿಳು ಮಾತನಾಡುವವರು ಬರುತ್ತಾರೆ. ರಾತ್ರಿ ಪಾಳಿಯಲ್ಲಿ ಒಡಿಶಾ, ಬಿಹಾರಗಳಿಂದ ಬಂದ ಗುತ್ತಿಗೆ ಕಾರ್ಮಿಕರೇ ಹೆಚ್ಚು. ಯಂತ್ರ ಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಮುಗಿದುಹೋಗಿದೆ, ಅದನ್ನು ಇಲ್ಲಿ ಮತ್ತೆ ತೆರೆಯುವ ಉದ್ದೇಶ ನನಗಿಲ್ಲ. ನನಗೆ ತಿಳಿಯಬೇಕಾಗಿರುವುದು ಇಷ್ಟು: ಮನುಷ್ಯ ಮತ್ತು ಯಂತ್ರ ಒಂದೇ ಜಾಗದಲ್ಲಿ ಕೆಲಸ ಮಾಡುವಾಗ ಅದನ್ನು ನಿಲ್ಲಿಸುವ, ಅದರ ತೀರ್ಪನ್ನು ತಿದ್ದುವ ಅಧಿಕಾರ ಯಾರಿಗೆ, ಎಷ್ಟರಮಟ್ಟಿಗೆ ಇರಬೇಕು? ಕೊಳ್ಳುವ ಮೊದಲೇ ಕಾಗದದ ಮೇಲೆ ಏನನ್ನು ಬರೆಸಿಕೊಳ್ಳಬೇಕು? ಈ ಗಡಿನಾಡ ಬಳಗದಲ್ಲಿ ಕಾರ್ಖಾನೆಗಳನ್ನು ಬಲ್ಲವರು ಹಲವರಿದ್ದಾರೆ, ದಯವಿಟ್ಟು ಬರೆಯಿರಿ.

ಕೃಷ್ಣಗಿರಿ ಸೇಫ್ಟಿ

ಬೇಲಿ ಏಕೆ ಬಂತು ಎಂಬುದನ್ನು ಮೊದಲು ನೋಡಿದರೆ ಅದನ್ನು ಯಾವಾಗ ತೆಗೆಯಬಹುದು ಎಂಬುದು ತಿಳಿಯುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ 1961ರಲ್ಲಿ ಯೂನಿಮೇಟ್ ಎಂಬ ಮೊದಲ ಕೈಗಾರಿಕಾ ರೋಬೋಟ್ ಕೆಲಸಕ್ಕೆ ನಿಂತಿತು. ಡೈಕಾಸ್ಟಿಂಗ್ ಯಂತ್ರದಿಂದ ಸುಡುವ ಲೋಹದ ತುಂಡುಗಳನ್ನು ಹೊರಗೆ ತೆಗೆಯುವುದು ಅದರ ಕೆಲಸವಾಗಿತ್ತು. ಆ ಕಾಲದ ರೋಬೋಟಿಗೆ ತನ್ನ ದಾರಿಯಲ್ಲಿ ಯಾರಿದ್ದಾರೆಂಬ ಅರಿವು ಇರಲು ಸಾಧ್ಯವಿರಲಿಲ್ಲ. 1979ರ ಜನವರಿ 25ರಂದು ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್‌ನಲ್ಲಿದ್ದ ಫೋರ್ಡ್ ಕಂಪನಿಯ ಎರಕದ ಕಾರ್ಖಾನೆಯಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಾರ್ಮಿಕ ಬಿಡಿಭಾಗಗಳನ್ನು ತರಲು ಸಾಮಾನಿನ ಕಪಾಟುಗಳ ಮೇಲೆ ಹತ್ತಿದಾಗ, ಅಲ್ಲಿ ಓಡಾಡುತ್ತಿದ್ದ ಯಂತ್ರದ ತೋಳು ತಗುಲಿ ತೀರಿಕೊಂಡರು. ರೋಬೋಟಿನಿಂದ ಸತ್ತ ಮೊದಲ ವ್ಯಕ್ತಿ ಎಂದು ದಾಖಲಾಗಿರುವವರು ಅವರೇ. ಯಂತ್ರ ಚಲಿಸುವಾಗ ಮನುಷ್ಯ ಒಳಗೆ ಇರಕೂಡದು, ಮನುಷ್ಯ ಒಳಗಿರುವಾಗ ಯಂತ್ರ ಚಲಿಸಕೂಡದು ಎಂಬ ಕಟ್ಟುನಿಟ್ಟು ಇಂತಹ ಸಾವುಗಳಿಂದ ಗಟ್ಟಿಯಾಯಿತು. ನಮ್ಮ ದೇಶದಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯ 21ನೆಯ ಕಲಮು ಅಪಾಯಕಾರಿ ಚಲನೆಯ ಭಾಗಗಳಿಗೆ ಭದ್ರವಾದ ಕಾವಲು ಇರಬೇಕೆಂದು ಹೇಳಿದ್ದೂ ಇದೇ ತತ್ವದ ಮೇಲೆ.

ಕೋಬೋಟ್ ಎಂಬ ಕಲ್ಪನೆಯನ್ನು 1996ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್ ಮುಂದಿಟ್ಟರು. ಡೆನ್ಮಾರ್ಕಿನ ಒಡೆನ್ಸೆಯಲ್ಲಿ 2005ರಲ್ಲಿ ಹುಟ್ಟಿದ ಯೂನಿವರ್ಸಲ್ ರೋಬೋಟ್ಸ್ ಕಂಪನಿ 2008ರಲ್ಲಿ ತನ್ನ ಮೊದಲ ತೋಳನ್ನು ಮಾರಿತು. ಆದರೆ ಕಾರ್ಖಾನೆಯವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ದಾಖಲೆ ಎಂದರೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ 2016ರಲ್ಲಿ ಪ್ರಕಟಿಸಿದ ಐಎಸ್‌ಒ ಟಿಎಸ್ 15066. ಅದು ನಾಲ್ಕು ವಿಧಾನಗಳನ್ನು ಹೇಳುತ್ತದೆ: ಮನುಷ್ಯ ಒಳಗೆ ಬಂದಾಗ ಯಂತ್ರ ನಿಂತು ಕಾಯುವುದು, ಮನುಷ್ಯ ಕೈಯಿಂದಲೇ ತೋಳನ್ನು ನಡೆಸುವುದು, ದೂರವನ್ನು ಅಳೆಯುತ್ತ ವೇಗವನ್ನು ತಗ್ಗಿಸುವುದು, ಮತ್ತು ತಗುಲಿದರೂ ಗಾಯವಾಗದಂತೆ ಬಲವನ್ನು ಮಿತಿಯಲ್ಲಿಡುವುದು. ಬೇಲಿ ಬೇಡ ಎನ್ನುವವರನ್ನು ಈ ನಾಲ್ಕರಲ್ಲಿ ಯಾವುದನ್ನು ಕೊಡುತ್ತಿದ್ದೀರಿ ಎಂದು ಕೇಳಿ. ತಡವರಿಸಿದರೆ ಅವರಿಗೆ ವಿಷಯ ತಿಳಿದಿಲ್ಲವೆಂದೇ ಅರ್ಥ.

ಸಾಮಾನ್ಯವಾಗಿ ಅವರು ಹೇಳುವುದು ನಾಲ್ಕನೆಯದನ್ನು. ಆ ದಾಖಲೆ ದೇಹದ ಬೇರೆ ಬೇರೆ ಭಾಗಗಳಿಗೆ ಬಲದ ಮಿತಿಯನ್ನು ಕೊಡುತ್ತದೆ. ಕೈ ಮತ್ತು ಬೆರಳುಗಳು ಸಿಕ್ಕಿಕೊಂಡಾಗ 140 ನ್ಯೂಟನ್, ಅಂದರೆ ಸುಮಾರು 14 ಕಿಲೋ ತೂಕದಷ್ಟು ಬಲ. ಮುಖಕ್ಕೆ ಕೇವಲ 65 ನ್ಯೂಟನ್. ಆದರೆ ಈ ಅಂಕಿಗಳ ಜೊತೆಗೆ ದೇಹದ 29 ಜಾಗಗಳಿಗೆ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡದ ಮಿತಿಯೂ ಇದೆ, ಅದನ್ನು ಯಾರೂ ಓದುವುದಿಲ್ಲ. ನಿಮ್ಮ ತೋಳು ಎಷ್ಟೇ ಸೌಮ್ಯವಾಗಿರಲಿ, ಗ್ರಿಪ್ಪರಿನಲ್ಲಿ (ತುಂಡನ್ನು ಹಿಡಿಯುವ ಅದರ ಕೈಯಲ್ಲಿ) ಆಗತಾನೇ ಲೇತ್‌ನಿಂದ ಬಂದ, ಅಂಚಿನಲ್ಲಿ ಬರ್ (ಲೋಹದ ಚೂಪಾದ ಮುಳ್ಳು) ಉಳಿದಿರುವ ಉಕ್ಕಿನ ಶಾಫ್ಟ್ ಇರುತ್ತದೆ. ಅದರ ತುದಿ ತಗುಲುವ ಜಾಗ ಬಹಳ ಚಿಕ್ಕದಾದ್ದರಿಂದ ಬಲ ಮಿತಿಯೊಳಗೇ ಇದ್ದರೂ ಚರ್ಮ ಸೀಳುತ್ತದೆ. ಸುರಕ್ಷಿತವಾದ ರೋಬೋಟ್ ಎಂಬುದು ತನ್ನಷ್ಟಕ್ಕೆ ಇರುವುದಿಲ್ಲ. ತೋಳು, ಗ್ರಿಪ್ಪರ್, ತುಂಡು, ಮೇಜಿನ ಮೂಲೆ, ಚಕ್ಕಿನ ಬಾಗಿಲು ಎಲ್ಲ ಸೇರಿ ಒಂದು ಬಳಕೆ, ಆ ಬಳಕೆಯನ್ನು ಮಾತ್ರ ಸುರಕ್ಷಿತ ಅಥವಾ ಅಸುರಕ್ಷಿತ ಎನ್ನಲು ಬರುತ್ತದೆ. ಕೈಗಾರಿಕಾ ರೋಬೋಟ್‌ಗಳ ಸುರಕ್ಷತೆಯ ಮಾನಕವಾದ, 2025ರಲ್ಲಿ ಪರಿಷ್ಕೃತವಾದ ಐಎಸ್‌ಒ 10218 ಕೂಡ ಯಂತ್ರದ ಹೆಸರನ್ನು ಬಿಟ್ಟು ಬಳಕೆಯ ಮೇಲೆಯೇ ಒತ್ತು ಹಾಕಿದೆ. ಆದ್ದರಿಂದ ಅಪಾಯದ ಮೌಲ್ಯಮಾಪನವನ್ನು ನಿಮ್ಮ ಶಾಫ್ಟ್ ಹಿಡಿಸಿಯೇ, ನಿಮ್ಮ ಶೆಡ್ಡಿನಲ್ಲಿಯೇ ಮಾಡಿಸಬೇಕು. ಮಾರುವವರ ಪ್ರದರ್ಶನ ಕೊಠಡಿಯಲ್ಲಿ ಸ್ಪಂಜಿನ ಘನವನ್ನು ಎತ್ತಿಡುವ ತೋಳನ್ನು ನೋಡಿ ಸಹಿ ಮಾಡಬೇಡಿ.

ಮೂರನೆಯ ವಿಧಾನ ನಿಮಗೆ ಹೆಚ್ಚು ಒಪ್ಪಬಹುದು. ನೆಲದ ಮಟ್ಟದಲ್ಲಿ ಲೇಸರ್ ಸ್ಕ್ಯಾನರ್ ಇಟ್ಟು, ಜನ ಹತ್ತಿರ ಬಂದಂತೆ ವೇಗ ಇಳಿಸಿ, ಇನ್ನೂ ಹತ್ತಿರ ಬಂದರೆ ನಿಲ್ಲಿಸುವುದು. ನಡೆದು ಬರುವ ಮನುಷ್ಯನ ವೇಗವನ್ನು ಸೆಕೆಂಡಿಗೆ 1.6 ಮೀಟರ್ ಎಂದು ಹಿಡಿಯುವ ರೂಢಿಯಿದೆ. ಇಡೀ ವ್ಯವಸ್ಥೆ ನಿಲ್ಲಲು ಅರ್ಧ ಸೆಕೆಂಡ್ ಬೇಕಾದರೆ ಅಷ್ಟರಲ್ಲಿ ಮನುಷ್ಯನೇ 80 ಸೆಂಟಿಮೀಟರ್ ಮುಂದೆ ಬಂದಿರುತ್ತಾನೆ, ಅದರ ಮೇಲೆ ತೋಳು ಸಾಗಿದ ದೂರ ಬೇರೆ. ಹೀಗೆ ಲೆಕ್ಕ ಹಾಕುತ್ತ ಹೋದರೆ ಬೇಲಿ ತೆಗೆದು ಉಳಿಸುವ ಜಾಗ ಮಾಲೀಕರು ಎಣಿಸಿದ್ದಕ್ಕಿಂತ ಬಹಳ ಕಡಿಮೆ ಎಂಬುದು ಹೊರಬೀಳುತ್ತದೆ.

ಇಚಲಕರಂಜಿ ಲಾಳಿ

ಸೇಫ್ಟಿಯವರು ಯಂತ್ರ ಮನುಷ್ಯನನ್ನು ಕಂಡು ನಿಲ್ಲುವುದರ ಬಗ್ಗೆ ಬರೆದರು. ಕೆಲಸ ಕೆಟ್ಟಾಗ ನಿಲ್ಲುವುದರ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ನೇಯ್ಗೆಯವರು ಇದನ್ನು ಎಲ್ಲರಿಗಿಂತ ಮೊದಲು ಕಂಡವರು.

ಹಳೆಯ ಪವರ್‌ಲೂಮಿನಲ್ಲಿ ಹಾಸಿನ ಎಳೆ ಹರಿದರೂ ಮಗ್ಗ ಓಡುತ್ತಲೇ ಇರುತ್ತದೆ. ನೇಕಾರನ ಕಣ್ಣು ಬೀಳುವ ತನಕ ಬಟ್ಟೆಯಲ್ಲಿ ಉದ್ದಕ್ಕೆ ಗೀರು ಬೀಳುತ್ತದೆ. ಆದ್ದರಿಂದ ಒಬ್ಬ ಮನುಷ್ಯ ಯಂತ್ರವನ್ನು ಕಾಯುವುದರಲ್ಲಿಯೇ ಸವೆದುಹೋಗುತ್ತಾನೆ. ಜಪಾನಿನ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಓಡುತ್ತಿರುವಾಗಲೇ ಲಾಳಿಯನ್ನು ಬದಲಿಸಿಕೊಳ್ಳುತ್ತಿತ್ತು, ಎಳೆ ಹರಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಇದರಿಂದ ಒಬ್ಬರೇ ಹಲವಾರು ಮಗ್ಗಗಳನ್ನು ನೋಡಿಕೊಳ್ಳಲು ಸಾಧ್ಯವಾಯಿತು. ಅದರ ಪೇಟೆಂಟ್ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿಗೆ 1,00,000 ಪೌಂಡಿಗೆ ಮಾರಲಾಯಿತು. ಮುಂದೆ ಅದೇ ಮನೆತನ ಕಾರು ತಯಾರಿಕೆಗೆ ಇಳಿದಾಗ ಮಗ್ಗದ ಗುಣವನ್ನು ಜೋಡಣಾ ಸಾಲಿಗೆ ತಂದಿತು: ದೋಷ ಕಂಡ ಕೆಲಸಗಾರ ತಲೆಯ ಮೇಲಿನ ಹಗ್ಗ ಎಳೆಯುತ್ತಾನೆ, ಗುಂಪಿನ ಮುಖ್ಯಸ್ಥ ಓಡಿ ಬರುತ್ತಾನೆ, ನಿಗದಿತ ಅವಧಿಯಲ್ಲಿ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ.

ನೇಯ್ಗೆಯವನಾಗಿ ನಾನು ಇಲ್ಲಿ ನೋಡುವುದು ಆ ಹಗ್ಗವನ್ನಲ್ಲ, ಓಡಿ ಬರುವ ಮುಖ್ಯಸ್ಥನನ್ನು. ನಮ್ಮ ಊರಿನಲ್ಲಿ ಈಗ ಲಾಳಿಯಿಲ್ಲದ ರೇಪಿಯರ್, ಏರ್‌ಜೆಟ್ ಮಗ್ಗಗಳು ಬಂದಿವೆ. ಎಳೆ ಹರಿದರೆ ಡ್ರಾಪರ್ (ಎಳೆಯ ಮೇಲೆ ತೂಗುವ ಲೋಹದ ಪಟ್ಟಿ) ಬಿದ್ದು ಮಗ್ಗ ನಿಲ್ಲುತ್ತದೆ, ದೀಪ ಹತ್ತುತ್ತದೆ, ಪರದೆಯ ಮೇಲೆ ಕಾರಣವೂ ಬರುತ್ತದೆ. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಎಳೆ ಹರಿಯುತ್ತಿದ್ದರೆ ಅದು ಗಂಜಿ ಹಾಕಿದವರ ಕಡೆಯ ದೋಷವೋ, ನೂಲಿನದೋ, ಗಾಳಿಯ ತೇವ ಇಳಿದದ್ದರಿಂದಲೋ ಎಂದು ಹುಡುಕುವುದು ಮಗ್ಗಕ್ಕೆ ಬರುವುದಿಲ್ಲ. ಹುಡುಕುವ ಮನುಷ್ಯನಿಗೆ ಸಮಯ ಕೊಡದೆ ಮಗ್ಗಗಳ ಸಂಖ್ಯೆಯನ್ನು ಮಾತ್ರ ಹೆಚ್ಚಿಸಿದರೆ, ಆತ ದೀಪ ಹತ್ತಿದ ಕಡೆಗೆ ಓಡುವುದು, ಗಂಟು ಹಾಕುವುದು, ಮತ್ತೆ ಓಡುವುದು ಇಷ್ಟರಲ್ಲಿಯೇ ಪಾಳಿ ಮುಗಿಸುತ್ತಾನೆ. ಇದನ್ನು ಸಹಯೋಗ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಕೆಲಮಂಗಲದ ಟರ್ನರ್

ಲಾಳಿ ಅಣ್ಣನವರು ಹೇಳಿದ ಹಗ್ಗ ಜಪಾನಿನಲ್ಲಿ ಇರಬಹುದು. ನಮ್ಮ ಕಡೆ ಕೆಂಪು ಬಟನ್ ಒತ್ತಿದವನಿಗೆ ಮೊದಲು ಸಿಗುವುದು, ಏಕೆ ಒತ್ತಿದೆ ಎಂಬ ಪ್ರಶ್ನೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಗಂಟೆಗೆ ಇಷ್ಟು ತುಂಡು ಎಂಬ ಲೆಕ್ಕ ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ಓಡುತ್ತಿತ್ತು. ಯಂತ್ರ ನಿಂತ ಪ್ರತಿ ನಿಮಿಷವೂ ಆ ಪಾಳಿಯ ಆಪರೇಟರಿನ ಹೆಸರಿನ ಎದುರಿಗೆ ಬೀಳುತ್ತಿತ್ತು. ಪ್ರೆಸ್ ವಿಭಾಗದಲ್ಲಿ ಬೆರಳು ಕಾಯುವ ಲೈಟ್ ಕರ್ಟನ್ನನ್ನು (ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಕಿರಣಗಳನ್ನು) ಬೈಪಾಸ್ ಮಾಡಿದ್ದು ಆ ಲೆಕ್ಕಕ್ಕೆ ಹೆದರಿಯೇ. ಅದನ್ನು ಮಾಡಿದವರು ಮೂರ್ಖರಲ್ಲ. ಗುತ್ತಿಗೆಯ ಮೇಲೆ ಬಂದ ಹುಡುಗನಿಗೆ ನಾಳೆ ಗೇಟ್ ಪಾಸ್ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಇರುವಾಗ, ನಿನಗೆ ಯಂತ್ರ ನಿಲ್ಲಿಸುವ ಅಧಿಕಾರವಿದೆ ಎಂದು ಗೋಡೆಯ ಮೇಲೆ ಬರೆದರೆ ಅವನು ಓದುವುದೂ ಇಲ್ಲ.

ಇನ್ನೊಂದು ಮಾತು. ಹೊಸೂರಿಗೆ ಯಂತ್ರ ಹೊಸದಲ್ಲ. ಅಶೋಕ್ ಲೇಲ್ಯಾಂಡ್, ಟಿವಿಎಸ್ ಬಂದು ನಾಲ್ಕು ದಶಕ ದಾಟಿತು. ಟೈಟನ್ ಬಳಗದ್ದೇ ಆದ ಒಂದು ಕಂಪನಿ ಜೋಡಣೆಯ ಸ್ವಯಂಚಾಲಿತ ಯಂತ್ರಗಳನ್ನು ಇಲ್ಲಿಯೇ ತಯಾರಿಸಿ ಹೊರಗೆ ಕಳಿಸುತ್ತದೆ. ದೊಡ್ಡ ಕಂಪನಿಗಳಲ್ಲಿ ಕಾಯಂ ನೌಕರರಿಗೆ ತರಬೇತಿ ಸಿಗುತ್ತದೆ. ಈ ಚರ್ಚೆ ನಡೆಯಬೇಕಾಗಿರುವುದು ಅವರಿಗೆ ಬಿಡಿಭಾಗ ಕೊಡುವ ಸಣ್ಣ ಶೆಡ್ಡುಗಳ ಬಗ್ಗೆ, ಅಲ್ಲಿ ಯಂತ್ರ ಹೊಂದಿಸಿಕೊಡುವ ಸೆಟ್ಟರ್ ಒಬ್ಬನಿಗೆ ಮಾತ್ರ ಪಾಸ್‌ವರ್ಡ್ ಗೊತ್ತು, ಅವನು ರಜೆ ಹಾಕಿದರೆ ಯಂತ್ರವೂ ರಜೆ.

ಕುಂಬಳೆ ಗೇರು

ನಮ್ಮದು ಲೋಹದ ಕೆಲಸವಲ್ಲ, ಗೇರುಬೀಜ. ಆದರೂ ಸಿಪ್ಕಾಟ್ ಅವರು ಕೇಳಿದ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ ಎಂದು ಅನ್ನಿಸಿ ಬರೆಯುತ್ತಿದ್ದೇನೆ. ಕಾಸರಗೋಡು, ಮಂಗಳೂರು ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಬಹುಪಾಲು ಹೆಂಗಸರು. ಬೀಜವನ್ನು ಹಬೆಯಲ್ಲಿ ಬೇಯಿಸಿ, ಸಿಪ್ಪೆ ಒಡೆದು, ತಿರುಳನ್ನು ಬೋರ್ಮಾದಲ್ಲಿ (ಬಿಸಿಗಾಳಿಯ ಒಲೆಯಲ್ಲಿ) ಒಣಗಿಸಿ, ಒಳಸಿಪ್ಪೆ ಸುಲಿದು, ಕೊನೆಗೆ ದರ್ಜೆ ಮಾಡುತ್ತಾರೆ. ಡಬ್ಲ್ಯು 240 ಎಂದರೆ ಒಂದು ಪೌಂಡಿಗೆ 220ರಿಂದ 240 ಇಡೀ ತಿರುಳು. ಡಬ್ಲ್ಯು 320 ಎಂದರೆ 300ರಿಂದ 320. ತಿರುಳು ಇಡಿಯಾಗಿದ್ದರೆ ಒಂದು ಬೆಲೆ, ಹೋಳಾದರೆ ಬೇರೆ ಬೆಲೆ. ಕಾರ್ಖಾನೆಯ ಲಾಭ ನಿಂತಿರುವುದು ಈ ಅಂತರದ ಮೇಲೆ.

ಇಲ್ಲಿ ಯಂತ್ರ ಮತ್ತು ಮನುಷ್ಯರ ನಡುವೆ ಕೆಲಸ ಹಂಚಿಕೆಯಾದ ರೀತಿ ಗಮನಿಸಬೇಕಾದದ್ದು. ಸಿಪ್ಪೆಯೊಳಗಿನ ಎಣ್ಣೆ ಚರ್ಮವನ್ನು ಸುಡುತ್ತದೆ, ಆದ್ದರಿಂದ ಒಡೆಯುವ ಕೆಲಸ ಯಂತ್ರಕ್ಕೆ ಹೋದದ್ದು ಎಲ್ಲರಿಗೂ ಒಳ್ಳೆಯದೇ ಆಯಿತು. ಆದರೆ ಬೀಜದ ಗಾತ್ರ ಒಂದೇ ಸಮ ಇಲ್ಲದಿದ್ದರೆ ಯಂತ್ರದಲ್ಲಿ ಹೋಳು ಹೆಚ್ಚುತ್ತದೆ, ಹಾಗಾಗಿ ಮೊದಲೇ ಗಾತ್ರವಾರು ಜರಡಿ ಹಿಡಿಯಬೇಕಾಯಿತು. ಬಣ್ಣ ನೋಡಿ ವಿಂಗಡಿಸುವ ಯಂತ್ರ ಬಂದಾಗ, ಇನ್ನು ದರ್ಜೆ ಮಾಡುವ ಹೆಂಗಸರು ಬೇಡವೆಂದೇ ಮಾತಾಗಿತ್ತು. ಅದರ ಕ್ಯಾಮೆರಾ ಬೀಳುತ್ತಿರುವ ತಿರುಳನ್ನು ನೋಡಿ ಗಾಳಿಯ ಚಿಮ್ಮುವಿಕೆಯಿಂದ ಕಂದಿದ್ದನ್ನು ಪಕ್ಕಕ್ಕೆ ಹಾರಿಸುತ್ತದೆ, ವೇಗದಲ್ಲಿ ಯಾವ ಕೈಯೂ ಅದಕ್ಕೆ ಸಮನಲ್ಲ. ಆದರೆ ಒಳಸಿಪ್ಪೆಯ ಚೂರು ಅಂಟಿರುವ ಒಳ್ಳೆಯ ತಿರುಳನ್ನೂ ಅದು ಹಾರಿಸುತ್ತದೆ. ಅದನ್ನು ಕೈಯಿಂದ ತೆಗೆದು, ಚಾಕುವಿನ ತುದಿಯಿಂದ ಕೆರೆದು, ಮತ್ತೆ ಮೇಲಿನ ದರ್ಜೆಗೆ ಸೇರಿಸುವವರು ಇಂದಿಗೂ ಬೇಕು. ನನ್ನ ತಕರಾರು ಇಷ್ಟೇ: ಯಂತ್ರದ ಸೂಕ್ಷ್ಮತೆಯನ್ನು ಎಷ್ಟಕ್ಕೆ ಇಡಬೇಕೆಂದು ತೀರ್ಮಾನಿಸುವಾಗ ಆ ಹೆಂಗಸರನ್ನು ಯಾರೂ ಕೇಳುವುದಿಲ್ಲ, ಆದರೆ ಸೂಕ್ಷ್ಮತೆ ತಪ್ಪಾಗಿ ಇಟ್ಟಾಗ ಬರುವ ರಾಶಿಯೆಲ್ಲ ಅವರ ಮೇಜಿಗೇ ಬಂದು ಬೀಳುತ್ತದೆ.

ತಾಳವಾಡಿ ಕ್ಯಾಮೆರಾ

ಕುಂಬಳೆಯ ಅಕ್ಕನವರು ಬರೆದ ಕೊನೆಯ ವಾಕ್ಯವನ್ನು ಕ್ಯಾಮೆರಾ ತಪಾಸಣೆಯ ಕೆಲಸ ಮಾಡುವ ನಮ್ಮಂತಹ ಪ್ರತಿಯೊಬ್ಬರೂ ಬರೆದಿಟ್ಟುಕೊಳ್ಳಬೇಕು. ನಾನು ಈ ಕೆಲಸವನ್ನೇ ಮಾಡುವವನು, ಮಾರುವವರ ಕಡೆಯವನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸಿಪ್ಕಾಟ್ ಅವರೇ, ಒಂದು ಕಲ್ಪಿತ ಲೆಕ್ಕ ಹಾಕೋಣ. ನಿಮ್ಮಲ್ಲಿ 10,000 ಶಾಫ್ಟ್ ತಯಾರಾಗಿ, ಅವುಗಳಲ್ಲಿ ನಿಜವಾಗಿ ಕೆಟ್ಟಿರುವುದು 20 ಎಂದುಕೊಳ್ಳಿ. ಕ್ಯಾಮೆರಾ ಬಹಳ ಒಳ್ಳೆಯದು, 20ರಲ್ಲಿ 19ನ್ನು ಹಿಡಿಯುತ್ತದೆ. ಒಳ್ಳೆಯ ತುಂಡುಗಳಲ್ಲಿ ನೂರಕ್ಕೆ ಎರಡನ್ನು ಮಾತ್ರ ತಪ್ಪಾಗಿ ತಳ್ಳುತ್ತದೆ. ಕೇಳಲು ಹಿತವಾಗಿದೆ. ಆದರೆ ಒಳ್ಳೆಯ ತುಂಡು 9,980 ಇರುವುದರಿಂದ ಆ ನೂರಕ್ಕೆ ಎರಡು ಎಂದರೆ ಸುಮಾರು 200. ತಳ್ಳಿದ ಪೆಟ್ಟಿಗೆಯಲ್ಲಿ 219 ತುಂಡು ಬೀಳುತ್ತವೆ, ಅವುಗಳಲ್ಲಿ ನಿಜವಾಗಿ ಕೆಟ್ಟದ್ದು 19. ಆಪರೇಟರು ಕೈಗೆತ್ತಿಕೊಳ್ಳುವ ಹನ್ನೊಂದು ಹನ್ನೆರಡು ತುಂಡುಗಳಲ್ಲಿ ಒಂದು ಮಾತ್ರ ಕೆಟ್ಟದ್ದು. ಕೆಲವೇ ದಿನಗಳಲ್ಲಿ ಆತನ ಕೈಗೆ ಸರಿ ಎಂದು ಒತ್ತುವುದೇ ಅಭ್ಯಾಸವಾಗುತ್ತದೆ, ಮತ್ತು ಆ 19ರಲ್ಲಿ ಕೆಲವು ಆ ಅಭ್ಯಾಸದ ದಾರಿಯಲ್ಲಿಯೇ ಗಿರಾಕಿಯ ಬಳಿಗೆ ಹೋಗುತ್ತವೆ. ಆಗ ಬರುವ ದೂರಿನಲ್ಲಿ ಆಪರೇಟರಿನ ನಿರ್ಲಕ್ಷ್ಯ ಎಂದು ಬರೆಯಲಾಗುತ್ತದೆ. ಅದು ಅನ್ಯಾಯ. ನಿರ್ಲಕ್ಷ್ಯವನ್ನು ಆ ವಿನ್ಯಾಸವೇ ತಯಾರಿಸಿತು.

ಇದು ನನ್ನ ಅಭಿಪ್ರಾಯವಷ್ಟೇ ಅಲ್ಲ. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಡಿಯಾರದ ಮುಳ್ಳಿನ ಅಪರೂಪದ ಜಿಗಿತವನ್ನು ಕಾಯುವವರ ಎಚ್ಚರ ಮೊದಲ ಅರ್ಧ ಗಂಟೆಯಲ್ಲಿಯೇ ಸ್ಪಷ್ಟವಾಗಿ ಕುಸಿಯಿತು. ಲಿಸಾನ್ ಬೇನ್‌ಬ್ರಿಜ್ 1983ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ತೋರಿಸಿದರು: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಮನುಷ್ಯನಿಗೆ ಕಾಯುವ ಕೆಲಸವನ್ನು ಉಳಿಸಿದರೆ, ಅವನಿಗೆ ಅತ್ಯಂತ ಕಷ್ಟವಾದದ್ದನ್ನೇ ಉಳಿಸಿದಂತಾಗುತ್ತದೆ, ಮತ್ತು ಯಂತ್ರ ಕೈಕೊಟ್ಟ ದಿನ ಬೇಕಾಗುವ ಕೌಶಲ ಅಷ್ಟರಲ್ಲಿ ಅಭ್ಯಾಸವಿಲ್ಲದೆ ಮಾಸಿಹೋಗಿರುತ್ತದೆ.

ಹಾಗಾದರೆ ಏನು ಮಾಡಬಹುದು? ತಪ್ಪಾಗಿ ತಳ್ಳುವುದಕ್ಕೆ ಕಾರಣಗಳು ಬಹುತೇಕ ಸಾಮಾನ್ಯವಾದವು. ಶಾಫ್ಟಿನ ಮೇಲೆ ಉಳಿದ ಕೂಲೆಂಟಿನ (ಲೋಹವನ್ನು ತಂಪಾಗಿಡುವ ದ್ರವದ) ಹನಿ ಬಿರುಕಿನಂತೆ ಕಾಣುತ್ತದೆ. ಮಧ್ಯಾಹ್ನ ಛಾವಣಿಯ ಪಾರದರ್ಶಕ ಶೀಟಿನಿಂದ ಬಿಸಿಲು ಇಳಿದರೆ ಹೊಳಪು ಬದಲಾಗುತ್ತದೆ. ಉಕ್ಕಿನ ಹೊಸ ಲಾಟ್ ಬಂದರೆ ಮೇಲ್ಮೈಯ ಗೆರೆಗಳೇ ಬೇರೆಯಾಗುತ್ತವೆ. ಇವನ್ನು ಮೊದಲು ಗುರುತಿಸುವವರು ಪಕ್ಕದಲ್ಲಿ ನಿಂತ ಆಪರೇಟರು. ಆತ ಯಂತ್ರದ ತೀರ್ಪನ್ನು ತಿದ್ದಿದಾಗ ಸರಿ ಎಂಬ ಒಂದೇ ಬಟನ್ ಇದ್ದರೆ ಆ ತಿಳಿವಳಿಕೆಯೆಲ್ಲ ವ್ಯರ್ಥ. ಅದರ ಬದಲು ನೀರಿನ ಕಲೆ, ಬೆಳಕು, ಹೊಸ ಲಾಟ್, ಗೊತ್ತಿಲ್ಲ ಎಂಬ ನಾಲ್ಕೈದು ಬಟನ್‌ಗಳಿದ್ದು, ಕ್ಯಾಮೆರಾ ತೆಗೆದ ಆ ತುಂಡಿನ ಚಿತ್ರ ಕಾರಣದೊಂದಿಗೆ ಉಳಿದು, ವಾರಕ್ಕೊಮ್ಮೆ ಯಾರಾದರೂ ಕುಳಿತು ನೋಡಿದರೆ, ಆಪರೇಟರಿನ ತಿಳಿವಳಿಕೆ ಯಂತ್ರದೊಳಗೆ ಹೋಗುತ್ತದೆ. ಸಹಯೋಗ ಎಂಬುದಕ್ಕೆ ನಾನು ಕೊಡುವ ಅರ್ಥ ಇಷ್ಟೇ: ಮನುಷ್ಯ ತಿದ್ದಿದ್ದು ಯಂತ್ರಕ್ಕೆ ಹಿಂದಿರುಗಿ ತಲುಪಬೇಕು. ಕಾರಣವೇ ತಿಳಿಯದೆ ದಿನವೂ ತಿದ್ದುತ್ತಿರುವುದು ಬರೀ ದುಡಿಮೆ.

ಸಿಪ್ಕಾಟ್ ಎರಡನೇ ಹಂತ (ಹೊಸೂರು)

ಎಲ್ಲರಿಗೂ ವಂದನೆಗಳು. ತಾಳವಾಡಿಯವರ 219ರ ಲೆಕ್ಕವನ್ನು ಈಗಾಗಲೇ ನಮ್ಮ ಕ್ವಾಲಿಟಿ ವಿಭಾಗಕ್ಕೆ ತೋರಿಸಿದ್ದೇನೆ. ಆದರೆ ಮಾಲೀಕರ ಕಡೆಯಿಂದ ಬರುವ ಒಂದು ವಾದಕ್ಕೆ ಉತ್ತರ ಬೇಕು. ಇಷ್ಟೆಲ್ಲ ತೊಂದರೆಯಿದ್ದರೆ ಮನುಷ್ಯನನ್ನು ಪೂರ್ತಿ ಹೊರಗಿಟ್ಟು, ಬೇಲಿ ಕಟ್ಟಿ, ಎಲ್ಲವನ್ನೂ ಸ್ವಯಂಚಾಲಿತ ಮಾಡಿಬಿಡೋಣ ಎನ್ನುತ್ತಾರೆ. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಅಂಕಿಗಳ ಪ್ರಕಾರ 2023ರಲ್ಲಿ ಭಾರತದಲ್ಲಿ 8,510 ಕೈಗಾರಿಕಾ ರೋಬೋಟ್‌ಗಳು ಹೊಸದಾಗಿ ನಿಂತವು, ಹಿಂದಿನ ವರ್ಷಕ್ಕಿಂತ ಶೇಕಡಾ 59 ಹೆಚ್ಚು. ಎಲ್ಲರೂ ಹೋಗುತ್ತಿರುವ ದಾರಿಯಲ್ಲಿ ನಾವೇಕೆ ಅರ್ಧಕ್ಕೆ ನಿಲ್ಲಬೇಕು ಎಂಬುದು ಅವರ ಮಾತು.

ತಾಳವಾಡಿ ಕ್ಯಾಮೆರಾ

ಅದೇ ಒಕ್ಕೂಟದ ಅದೇ ವರ್ಷದ ಲೆಕ್ಕದಲ್ಲಿ ಜಗತ್ತಿನ ಸರಾಸರಿ ತಯಾರಿಕಾ ವಲಯದ 10,000 ನೌಕರರಿಗೆ 162 ರೋಬೋಟ್, ದಕ್ಷಿಣ ಕೊರಿಯಾದಲ್ಲಿ 1,012. ಅಂದರೆ ನೌಕರರ ಲೆಕ್ಕದಲ್ಲಿ ಅತ್ಯಂತ ಹೆಚ್ಚು ರೋಬೋಟ್ ಇರುವ ದೇಶದಲ್ಲಿಯೂ ಒಂದು ರೋಬೋಟಿಗೆ ಹತ್ತು ಜನರಿದ್ದಾರೆ. ಪೂರ್ತಿ ಸ್ವಯಂಚಾಲಿತ ಮಾಡಲು ಹೊರಟವರ ಕಥೆಯನ್ನೂ ಮಾಲೀಕರಿಗೆ ಹೇಳಿ. ಟೆಸ್ಲಾ ಕಂಪನಿ ಮಾಡೆಲ್ 3 ಕಾರಿನ ಬ್ಯಾಟರಿಯ ಮೇಲೆ ಹಾಸುವ ನಾರಿನ ಹಾಳೆಯನ್ನು ಎತ್ತಿಡಲು ರೋಬೋಟ್ ಇಟ್ಟಿತ್ತು. ಮೆತ್ತನೆಯ ಆ ಹಾಳೆಯನ್ನು ಹಿಡಿಯುವುದು ಅದಕ್ಕೆ ಬರಲೇ ಇಲ್ಲ, ಕೊನೆಗೆ ಅದನ್ನು ತೆಗೆದುಹಾಕಿದರು. ಅತಿಯಾದ ಸ್ವಯಂಚಾಲನೆ ತಪ್ಪಾಗಿತ್ತು, ಮನುಷ್ಯರನ್ನು ಕಡಿಮೆ ಅಂದಾಜು ಮಾಡಿದ್ದೆವು ಎಂದು 2018ರ ಏಪ್ರಿಲ್‌ನಲ್ಲಿ ಇಲಾನ್ ಮಸ್ಕ್ ಅವರೇ ಒಪ್ಪಿಕೊಂಡರು. ಮರ್ಸಿಡಿಸ್ ಬೆಂಜ್ ಕೂಡ 2016ರಲ್ಲಿ ಜರ್ಮನಿಯ ಸಿಂಡೆಲ್‌ಫಿಂಗೆನ್ ಕಾರ್ಖಾನೆಯಲ್ಲಿ ಕೆಲವು ರೋಬೋಟ್‌ಗಳ ಜಾಗಕ್ಕೆ ಜನರನ್ನು ತಂದಿತು, ಏಕೆಂದರೆ ಗಿರಾಕಿಗಳು ಬೇಡುವ ಬಗೆಬಗೆಯ ಬದಲಾವಣೆಗಳಿಗೆ ಯಂತ್ರವನ್ನು ಮತ್ತೆ ಮತ್ತೆ ಹೊಂದಿಸುವುದಕ್ಕಿಂತ ಜನರೇ ಬೇಗ ಹೊಂದಿಕೊಳ್ಳುತ್ತಿದ್ದರು.

ನಿಮ್ಮ ಶೆಡ್ಡಿಗೆ ಬರುವ ಆರ್ಡರುಗಳು ಒಂದೇ ಶಾಫ್ಟಿನವು ವರ್ಷವಿಡೀ ಇದ್ದರೆ ಬೇಲಿ ಕಟ್ಟಿ ಪೂರ್ತಿ ಸ್ವಯಂಚಾಲಿತ ಮಾಡುವುದು ನಿಜಕ್ಕೂ ಒಳ್ಳೆಯದು. ತಿಂಗಳಿಗೆ ನಾಲ್ಕು ಬಗೆ ಬದಲಾಗುತ್ತಿದ್ದರೆ ಅಲ್ಲ.

ಕೃಷ್ಣಗಿರಿ ಸೇಫ್ಟಿ

ನಿಲ್ಲಿಸುವುದು ಎಂಬ ಒಂದೇ ಶಬ್ದದಡಿ ಇಲ್ಲಿ ಎರಡು ಬೇರೆ ಕ್ರಿಯೆಗಳು ಬೆರೆತಿವೆ, ಅದರಿಂದ ಕೊಳ್ಳುವಾಗ ತೊಂದರೆಯಾಗುತ್ತದೆ. ಕೆಂಪು ಬಟನ್ ತುರ್ತಿಗೆ. ಅದು ಒತ್ತಿದ ಕೂಡಲೇ ವಿದ್ಯುತ್ ಕಡಿಯಬಹುದು ಅಥವಾ ಹತೋಟಿಯಿಂದ ನಿಲ್ಲಿಸಿ ಆಮೇಲೆ ಕಡಿಯಬಹುದು. ಗುಣಮಟ್ಟದ ಅನುಮಾನ ಬಂದಾಗ ಆಪರೇಟರಿಗೆ ಬೇಕಾದದ್ದು ಅದಲ್ಲ. ಶಕ್ತಿ ಉಳಿಸಿಕೊಂಡೇ ತೋಳು ಸದ್ದಿಲ್ಲದೆ ನಿಂತು, ಮತ್ತೆ ಅಲ್ಲಿಂದಲೇ ಮುಂದುವರಿಯುವ ವಿರಾಮ ಅವನಿಗೆ ಬೇಕು. ಹೀಗೆ ಬೇರೆ ಬಟನ್ ಇಲ್ಲದ ಕಡೆ ಕೆಂಪು ಬಟನ್ ಒತ್ತಿದರೆ ಮತ್ತೆ ಆರಂಭಿಸಲು ಸೆಟ್ಟರನ್ನು ಕರೆಯಬೇಕಾಗುತ್ತದೆ, ಟರ್ನರ್ ಅವರು ಹೇಳಿದ ಹೆದರಿಕೆಯ ಅರ್ಧಭಾಗ ಅಲ್ಲಿಂದಲೇ ಹುಟ್ಟುತ್ತದೆ. ಗಾಳಿಯಿಂದ ಹಿಡಿಯುವ ಗ್ರಿಪ್ಪರ್ ಆದರೆ ಇನ್ನೊಂದನ್ನೂ ನೋಡಿಕೊಳ್ಳಿ: ವಿದ್ಯುತ್ ಅಥವಾ ಗಾಳಿ ಹೋದಾಗ ಅದು ತುಂಡನ್ನು ಬಿಡಬಾರದು, ಶಾಫ್ಟ್ ಪಾದದ ಮೇಲೆ ಬೀಳುತ್ತದೆ.

ಕೆಲಮಂಗಲದ ಟರ್ನರ್

ಕಾರಣದ ಬಟನ್‌ಗಳ ಯೋಚನೆ ನನಗೆ ಹಿಡಿಸಿತು. ಆದರೆ ಆ ಬಟನ್‌ಗಳ ಮೇಲೆ ಇಂಗ್ಲಿಷ್ ಮಾತ್ರ ಇದ್ದರೆ ರಾತ್ರಿ ಪಾಳಿಯವರು ಯಾವುದಾದರೊಂದನ್ನು ಒತ್ತುತ್ತಾರೆ, ಆಮೇಲೆ ಅದನ್ನೇ ಯಂತ್ರಕ್ಕೆ ಕಲಿಸುತ್ತೀರಿ. ಚಿತ್ರ ಹಾಕಿಸಿ, ನೀರಿನ ಹನಿ, ದೀಪ, ಉಕ್ಕಿನ ಕಂಬಿ. ಹೊಸೂರಿನಲ್ಲಿ ಮೂರು ಭಾಷೆ ಬರೆಸಿದರೂ ಒಡಿಯಾ ಉಳಿದುಹೋಗುತ್ತದೆ.

ಮತ್ತು ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ಒಂದು ಲೇತ್ ನೋಡುತ್ತಿದ್ದವನು ಈಗ ಎರಡು ಲೇತ್, ಒಂದು ಕೋಬೋಟ್, ಒಂದು ಕ್ಯಾಮೆರಾ ನೋಡಬೇಕು, ಅದರ ಮೇಲೆ ಯಂತ್ರಕ್ಕೆ ಪಾಠ ಹೇಳಬೇಕು. ಇದು ಮೊದಲಿನ ದರ್ಜೆಯ ಕೆಲಸವಲ್ಲ. ಹೆಲ್ಪರ್ ಎಂದು ಗುತ್ತಿಗೆ ಹಾಕಿಕೊಂಡು ಈ ಕೆಲಸ ಮಾಡಿಸಿದರೆ ಅವನು ಆರು ತಿಂಗಳಲ್ಲಿ ಕಲಿತು ಪಕ್ಕದ ಶೆಡ್ಡಿಗೆ ಹೋಗುತ್ತಾನೆ, ಹೋಗುವುದೇ ಸರಿ.

ಇಚಲಕರಂಜಿ ಲಾಳಿ

ದರ್ಜೆಯ ವಿಷಯದಲ್ಲಿ ಟರ್ನರ್ ಅವರ ಮಾತಿಗೆ ನನ್ನ ಸಹಮತವಿದೆ. ನಮ್ಮಲ್ಲಿ ಮೀಟರ್ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರನಿಗೆ ಮಗ್ಗ ನಿಂತರೆ ತನ್ನ ಕೂಲಿಯೇ ನಿಂತಂತೆ. ನಿಲ್ಲಿಸುವ ಅಧಿಕಾರ ಕೊಟ್ಟು ಕೂಲಿಯನ್ನು ತುಂಡಿನ ಲೆಕ್ಕದಲ್ಲಿಯೇ ಇಟ್ಟರೆ ಕೊಟ್ಟ ಅಧಿಕಾರವನ್ನು ಇನ್ನೊಂದು ಕೈಯಿಂದ ಕಸಿದುಕೊಂಡ ಹಾಗಾಯಿತು.

ಸಿಪ್ಕಾಟ್ ಎರಡನೇ ಹಂತ (ಹೊಸೂರು)

ಖರೀದಿ ಪತ್ರಕ್ಕೆ ನಾನು ಸೇರಿಸಲಿರುವ ಷರತ್ತುಗಳನ್ನು ಇಲ್ಲಿ ಇಡುತ್ತಿದ್ದೇನೆ, ಕೊರತೆಯಿದ್ದರೆ ತಿಳಿಸಿ. ಅಪಾಯದ ಮೌಲ್ಯಮಾಪನ ನಮ್ಮ ಶಾಫ್ಟ್ ಹಿಡಿಸಿ, ನಮ್ಮ ಶೆಡ್ಡಿನಲ್ಲಿ, ಇಬ್ಬರು ಆಪರೇಟರುಗಳ ಎದುರಿಗೆ ಆಗಬೇಕು. ತುರ್ತು ನಿಲುಗಡೆ ಬೇರೆ, ವಿರಾಮದ ಬಟನ್ ಬೇರೆ ಇರಬೇಕು. ವಿರಾಮದಿಂದ ಮತ್ತೆ ಆರಂಭಿಸಲು ಆಪರೇಟರಿಗೆ ಪಾಸ್‌ವರ್ಡ್ ಬೇಕಾಗಿರಬಾರದು. ಕ್ಯಾಮೆರಾ ತಳ್ಳಿದ ತುಂಡಿಗೆ ಚಿತ್ರವಿರುವ ಕಾರಣದ ಬಟನ್‌ಗಳಿರಬೇಕು, ಕ್ಯಾಮೆರಾ ತೆಗೆದ ಚಿತ್ರಗಳ ಮೇಲಿನ ಹಕ್ಕು ನಮ್ಮದಾಗಿರಬೇಕು, ಮತ್ತು ಮಾರುವವರು ಮೊದಲ ಆರು ತಿಂಗಳು ವಾರಕ್ಕೊಮ್ಮೆ ಅವನ್ನು ನಮ್ಮೊಂದಿಗೆ ಕುಳಿತು ನೋಡಬೇಕು. ವಿರಾಮದ ನಿಮಿಷಗಳನ್ನು ಆಪರೇಟರಿನ ಹೆಸರಿನ ಬದಲು ಕಾರಣದ ಹೆಸರಿನ ಎದುರಿಗೆ ತೋರಿಸುವಂತೆ ಪರದೆಯನ್ನು ಬದಲಿಸುತ್ತೇವೆ, ಇದಕ್ಕೆ ಮಾಲೀಕರು ಒಪ್ಪಿದ್ದಾರೆ. ಕೂಲಿಯ ದರ್ಜೆಯ ಮಾತಿಗೆ ಇನ್ನೂ ಒಪ್ಪಿಲ್ಲ, ಗುತ್ತಿಗೆದಾರರ ಜೊತೆ ಮಾತನಾಡುತ್ತೇನೆ ಎಂದಿದ್ದಾರೆ.

ಕೆಲಮಂಗಲದ ಟರ್ನರ್

ಗುತ್ತಿಗೆದಾರರ ಜೊತೆ ಮಾತನಾಡುತ್ತೇನೆ ಎಂದರೆ ಏನೆಂದು ನಮಗೆ ಗೊತ್ತು. ಆ ಒಂದು ಷರತ್ತನ್ನು ಯಂತ್ರ ಬರುವ ಮೊದಲು ಬರೆಸಿಕೊಳ್ಳಿ ಸರ್, ಬಂದ ಮೇಲೆ ಯಾರೂ ಬರೆದುಕೊಡುವುದಿಲ್ಲ.

ತಾಳವಾಡಿ ಕ್ಯಾಮೆರಾ

ಒಂದು ಸೇರಿಸಿ. ಬಿರುಕು, ಗೀರು, ಅಳತೆ ತಪ್ಪಿದ್ದು, ಹೀಗೆ ಕೆಟ್ಟಿದೆಯೆಂದು ಖಚಿತವಾಗಿ ಗೊತ್ತಿರುವ ಕೆಲವು ಶಾಫ್ಟ್‌ಗಳನ್ನು ಗುರುತು ಹಾಕಿ ಬೇರೆ ಇಟ್ಟುಕೊಳ್ಳಿ. ಪ್ರತಿ ಪಾಳಿಯ ಆರಂಭದಲ್ಲಿ ಆಪರೇಟರು ಅವನ್ನು ಕ್ಯಾಮೆರಾದ ಕೆಳಗೆ ಹಾಯಿಸಬೇಕು, ಒಂದನ್ನಾದರೂ ಕ್ಯಾಮೆರಾ ಬಿಟ್ಟರೆ ಉತ್ಪಾದನೆ ಆರಂಭವಾಗಬಾರದು. ದೀಪ ಬದಲಿಸಿದಾಗ, ಮಾರುವವರು ಸಾಫ್ಟ್‌ವೇರ್ ತಿದ್ದಿದಾಗ ಮತ್ತೆ ಹಾಯಿಸಬೇಕು. ಆ ಶಾಫ್ಟ್‌ಗಳು ತಪ್ಪಿ ಒಳ್ಳೆಯ ತುಂಡುಗಳ ರಾಶಿಗೆ ಸೇರದಂತೆ ಬಣ್ಣ ಬಳಿಯಬೇಕು, ಆದರೆ ಕ್ಯಾಮೆರಾ ನೋಡದ ತುದಿಗೆ. ದೋಷದ ಬದಲು ಬಣ್ಣವನ್ನೇ ನೋಡಿ ತಳ್ಳುವ ಕ್ಯಾಮೆರಾಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.